ಎಂಜಿನ್ ಹೆಡ್ ಇಳಿಸಿ ಮತ್ತೆ ಕೂರಿಸುವುದು ಹೇಗೆ?

ಟೆಂಪರೇಚರ್ ಮುಳ್ಳು ಪದೇ ಪದೇ ಮೇಲೇರುತ್ತದೆ. ಕೂಲಂಟ್ ಎಲ್ಲೂ ಸೋರಿದ ಗುರುತಿಲ್ಲ, ಆದರೂ ಟ್ಯಾಂಕಿನಲ್ಲಿ ದಿನೇ ದಿನೇ ಕಡಿಮೆಯಾಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಮಾಸಲು ಕಂದು ನೊರೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್‌ಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ನಡುವಿನ ತೆಳು ಹಾಳೆ, ಹೋಗಿರಬಹುದು. ಅದನ್ನು ಬದಲಿಸಲು ಹೆಡ್ ಇಳಿಸಲೇಬೇಕು.

ಹಾಗಂತ ತಕ್ಷಣ ಪಾನಾ ಹಿಡಿಯಬೇಡಿ. ಬರೀ ನೊರೆ ಕಂಡರೆ ಸಾಲದು. ಚಳಿಗಾಲದಲ್ಲಿ ಹತ್ತಿರದ ಓಡಾಟಕ್ಕಷ್ಟೇ ಬಳಸುವ ಕಾರಿನಲ್ಲೂ ತೇವಾಂಶದಿಂದ ಅದು ಕಟ್ಟಿಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಸುಟ್ಟ ಗ್ಯಾಸ್ ಕೂಲಂಟ್‌ಗೆ ಸೇರುತ್ತಿರಬಹುದು. ಇದನ್ನು ಖಚಿತಪಡಿಸಲು ನೀಲಿ ದ್ರವದ ಟೆಸ್ಟರ್ ಸಿಗುತ್ತದೆ. ಆ ಗ್ಯಾಸ್ ತಾಗಿದರೆ ನೀಲಿ ಹಳದಿಗೆ ತಿರುಗುತ್ತದೆ. ಕಂಪ್ರೆಷನ್ (ಸಿಲಿಂಡರ್‌ನೊಳಗಿನ ಒತ್ತಡ) ಅಳೆದಾಗ ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಕಡಿಮೆ ಬಂದರೆ, ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ.

ಬ್ಲಾಕ್ ಮತ್ತು ಹೆಡ್ ನಡುವಿನ ಆ ತೆಳು ಹಾಳೆ ಸುಡುವ ಗ್ಯಾಸ್, ಕೂಲಂಟ್, ಆಯಿಲ್ ಮೂರನ್ನೂ ಬೇರೆ ಬೇರೆ ಇಡಬೇಕು. ಅದಕ್ಕೆ ಎರಡೂ ಕಡೆಯ ಮೇಲ್ಮೈ ಸಪಾಟಾಗಿರಬೇಕು, ಬಿಗಿತ ಎಲ್ಲ ಕಡೆ ಒಂದೇ ಸಮ ಇರಬೇಕು. ಈ ಕೆಲಸದಲ್ಲಿ ಬಿಚ್ಚುವುದು ಸುಲಭದ ಭಾಗ. ಹೆಡ್ ಉಳಿಯುವುದೋ ಮತ್ತೆ ಹೋಗುವುದೋ ಎಂಬುದು ತೀರ್ಮಾನವಾಗುವುದು ಒರೆಸುವಾಗ ಮತ್ತು ಅಳೆಯುವಾಗ.

ಶುರು ಮಾಡುವ ಮುನ್ನ

ನಿಮ್ಮ ಎಂಜಿನ್ನಿನದೇ ಸರ್ವಿಸ್ ಮ್ಯಾನ್ಯುಯಲ್ ಬೇಕು. ಬೋಲ್ಟ್ ಬಿಗಿಸುವ ಕ್ರಮ, ಟಾರ್ಕ್ (ತಿರುಗಿಸುವ ಬಲ), ಟೈಮಿಂಗ್ ಗುರುತು ಪ್ರತಿ ಎಂಜಿನ್‌ಗೂ ಬೇರೆ. ಅದಿಲ್ಲದೆ ಅಂದಾಜಿನ ಮೇಲೆ ಈ ಕೆಲಸ ಮಾಡಲೇಬೇಡಿ. ಜೊತೆಗೆ ಟಾರ್ಕ್ ವ್ರೆಂಚ್, ಡಿಗ್ರಿ ಅಳೆಯುವ ಗೇಜ್, ಉಕ್ಕಿನ ನೇರಪಟ್ಟಿ ಮತ್ತು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು) ಇರಲಿ. ಮೊದಲ ಸಲ ಮಾಡುವವರು ಒಂದೇ ದಿನದಲ್ಲಿ ಮುಗಿಸುವ ಯೋಚನೆ ಬಿಡಿ. ಹೆಡ್ ಲೇತ್ ಅಂಗಡಿಗೆ ಹೋಗಬೇಕಾಗಿ ಬಂದರೆ ಹೇಗೂ ಕಾಯಬೇಕು, ಅಲ್ವಾ?

ಇಳಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಬೇಕು. ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ಬಿಸಿಯಿರುವಾಗ ಬೋಲ್ಟ್ ಸಡಿಲಿಸಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ, ಕೂಲಂಟ್ ಮತ್ತು ಆಯಿಲ್ ಇಳಿಸಿ. ಕೂಲಂಟ್ ಹಿಡಿದ ಪಾತ್ರೆಯನ್ನು ಆಗಲೇ ಮುಚ್ಚಿಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಪೆಟ್ರೋಲ್ ಕಾರಾದರೆ ಬ್ಯಾಟರಿ ತೆಗೆಯುವ ಮೊದಲೇ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇದರಿಂದ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಕಾಮನ್ ರೈಲ್ ಡೀಸೆಲ್‌ನಲ್ಲಿ ಒತ್ತಡ ವಿಪರೀತ ಇರುತ್ತದೆ. ಎಂಜಿನ್ ಓಡುವಾಗ ಆ ಪೈಪುಗಳ ನಟ್ ಮುಟ್ಟಲೇಬೇಡಿ.

ಏರ್ ಕ್ಲೀನರ್, ಹೋಸ್, ವೈರ್, ಇನ್‌ಟೇಕ್, ಎಕ್ಸಾಸ್ಟ್ ಒಂದೊಂದಾಗಿ ಬರುತ್ತವೆ. ಪ್ರತಿಯೊಂದನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪ್ರತಿ ಕನೆಕ್ಟರ್‌ಗೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಬೋಲ್ಟ್‌ಗಳನ್ನು ಬೇರೆ ಬೇರೆ ಕವರಿಗೆ ಹಾಕಿ. ನೆನಪಿರುತ್ತದೆ ಎಂದುಕೊಂಡದ್ದು ಮೂರನೇ ದಿನಕ್ಕೆ ನೆನಪಿರುವುದಿಲ್ಲ.

ಮುಂದಿನದು ಟೈಮಿಂಗ್, ಅಂದರೆ ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಮತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ನಡುವಿನ ಹೊಂದಾಣಿಕೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಸಾಮಾನ್ಯವಾಗಿ ಒಂದನೇ ಸಿಲಿಂಡರ್‌ನ ಪಿಸ್ಟನ್ ಕಂಪ್ರೆಷನ್ ಹೊಡೆತದ ಮೇಲ್ತುದಿಗೆ ಬರುವಾಗ ಕ್ರ್ಯಾಂಕ್ ಮತ್ತು ಕ್ಯಾಮ್‌ನ ಗುರುತುಗಳು ಮ್ಯಾನ್ಯುಯಲ್ ಹೇಳಿದ ಜಾಗದಲ್ಲಿ ಕೂಡಬೇಕು. ಬಣ್ಣದಿಂದ ನಿಮ್ಮದೂ ಒಂದು ಗುರುತು ಹಾಕಿಕೊಳ್ಳಿ. ಆಮೇಲೆ ಕ್ರ್ಯಾಂಕ್ ಮತ್ತು ಕ್ಯಾಮ್ ಜೋಡಿಸುವ ಟೈಮಿಂಗ್ ಬೆಲ್ಟ್ ಬಿಚ್ಚಿ. ಚೈನ್ ಎಂಜಿನ್ ಆದರೆ ಚೈನ್ ಒಳಗೆ ಬೀಳದಂತೆ ತಂತಿಯಿಂದ ಕಟ್ಟಿಡಿ. ಇನ್ನು ಮುಂದೆ ಕ್ಯಾಮ್ ಅನ್ನಾಗಲಿ ಕ್ರ್ಯಾಂಕ್ ಅನ್ನಾಗಲಿ ಸುಮ್ನೆ ತಿರುಗಿಸಬಾರದು. ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ.

ಹೆಡ್ ಬೋಲ್ಟ್ ಸಡಿಲಿಸುವಾಗ ಅಂಚಿನಿಂದ ನಡುವಿಗೆ ಬನ್ನಿ. ಬಿಗಿಸುವ ಕ್ರಮದ ಉಲ್ಟಾ. ಒಂದನ್ನೇ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಮೊದಲು ಕಾಲು ಸುತ್ತು, ಮತ್ತೆ ಕಾಲು ಸುತ್ತು, ಆಮೇಲೆ ಪೂರ್ತಿ. ಎಲ್ಲ ಬೋಲ್ಟ್ ಬಂದರೂ ಹೆಡ್ ಅಲ್ಲಾಡದಿದ್ದರೆ ಎಲ್ಲೋ ಇನ್ನೊಂದು ಬೋಲ್ಟ್ ಉಳಿದಿರಬಹುದು, ಹುಡುಕಿ. ಇಲ್ಲದಿದ್ದರೆ ಹೊರಗೆ ಚಾಚಿದ ಗಟ್ಟಿ ಭಾಗ ಹಿಡಿದು ಮೆಲ್ಲಗೆ ಅಲುಗಿಸಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಆ ಒಂದು ಗೀರು ಸಾಕು, ಹೊಸ ಗ್ಯಾಸ್ಕೆಟ್ ಅಲ್ಲೇ ಸೋರುತ್ತದೆ. ಇಬ್ಬರು ಸೇರಿ ನೇರವಾಗಿ ಮೇಲೆತ್ತಿ, ಎರಡು ಮರದ ತುಂಡುಗಳ ಮೇಲೆ ಇಡಿ. ತೆರೆದಿರುವ ವಾಲ್ವ್ ಕೆಳಗೆ ಚಾಚಿರುತ್ತದೆ, ನೆಲಕ್ಕಿಟ್ಟರೆ ಬಾಗಬಹುದು.

ಒರೆಸುವುದು, ಅಳೆಯುವುದು

ಇಲ್ಲಿ ನಿಧಾನ ಮಾಡಿ. ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ, ಆಯಿಲ್ ಮತ್ತು ಕೂಲಂಟ್ ದಾರಿಗಳನ್ನು ಮುಚ್ಚಿ. ಹಳೇ ಗ್ಯಾಸ್ಕೆಟ್‌ನ ಚೂರುಗಳನ್ನು ಕೆಮಿಕಲ್ ಹಾಕಿ ನೆನೆಸಿ, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಡ್ರಿಲ್‌ಗೆ ಉಜ್ಜುವ ಚಕ್ರ ಹಾಕಿದರೆ ಐದು ನಿಮಿಷದಲ್ಲಿ ಹೊಳೆಯುತ್ತದೆ, ನಿಜ. ಆದರೆ ಅದು ಅಲ್ಯೂಮಿನಿಯಂನಲ್ಲಿ ಹಳ್ಳ ಮಾಡುತ್ತದೆ. ಅದರ ಸಣ್ಣ ಹರಳು ಆಯಿಲ್‌ಗೆ ಸೇರಿದರೆ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ.

ಬೋಲ್ಟ್ ರಂಧ್ರಗಳನ್ನು ಜನ ಮರೆಯುತ್ತಾರೆ. ನಾನೂ ಒಮ್ಮೆ ಮರೆತಿದ್ದೆ. ರಂಧ್ರವೊಂದರ ತಳದಲ್ಲಿ ಸ್ವಲ್ಪ ಕೂಲಂಟ್ ಉಳಿದಿತ್ತು. ವ್ರೆಂಚ್ ಸರಿಯಾದ ಟಾರ್ಕ್‌ಗೆ ಕ್ಲಿಕ್ ಎಂದಿತು. ಆದರೆ ಬೋಲ್ಟ್ ಒತ್ತುತ್ತಿದ್ದುದು ಹೆಡ್ಡನ್ನಲ್ಲ, ತಳದ ನೀರನ್ನು. ಕೆಲವೇ ವಾರಗಳಲ್ಲಿ ಅದೇ ಮೂಲೆಯಿಂದ ಸೋರಿಕೆ, ಇಡೀ ಕೆಲಸ ಮೊದಲಿಂದ. ನನ್ನದು ಅಷ್ಟಕ್ಕೇ ಮುಗಿಯಿತು. ಹಾಗೆ ಸಿಕ್ಕಿಬಿದ್ದ ದ್ರವದ ಒತ್ತಡಕ್ಕೆ ಬ್ಲಾಕ್ ಬಿರುಕು ಬಿಡುವುದೂ ಉಂಟು. ಪ್ರತಿ ರಂಧ್ರಕ್ಕೂ ಗಾಳಿ ಹೊಡೆಯಿರಿ, ಕಡ್ಡಿಗೆ ಬಟ್ಟೆ ಸುತ್ತಿ ತಳ ಮುಟ್ಟಿ ಒಣಗಿದೆಯಾ ನೋಡಿ. ಗಾಳಿ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ.

ಈಗ ನೇರಪಟ್ಟಿಯನ್ನು ಹೆಡ್‌ನ ಮೇಲೆ ನಿಲ್ಲಿಸಿ, ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. ಉದ್ದಕ್ಕೆ ಎರಡು ಕಡೆ, ಅಡ್ಡಕ್ಕೆ ಎರಡು ಕಡೆ, ಮೂಲೆಯಿಂದ ಮೂಲೆಗೆ ಎರಡು ಸಲ. ಒಟ್ಟು ಆರು ಸಲ. ಬ್ಲಾಕಿಗೂ ಹೀಗೇ ಮಾಡಿ. ಎಷ್ಟು ಬಾಗು ನಡೆಯುತ್ತದೆ ಎಂಬುದನ್ನು ಮ್ಯಾನ್ಯುಯಲ್ ಹೇಳುತ್ತದೆ. ಅನೇಕ ಎಂಜಿನ್‌ಗಳಲ್ಲಿ ಅದು 0.05ರಿಂದ 0.1 ಮಿಲಿಮೀಟರ್ ಒಳಗೇ ಇರುತ್ತದೆ. ಅಂದರೆ ಬರಿಗಣ್ಣಿಗೆ ಕಾಣುವಷ್ಟಲ್ಲ. ಜಾಸ್ತಿಯಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ (ಮೇಲ್ಮೈ ಸವೆಸಿ ಸಪಾಟು ಮಾಡುವುದು) ಮಾಡಿಸಬೇಕು. ಹೆಡ್‌ನ ಎತ್ತರ ಕನಿಷ್ಠ ಮಿತಿಗಿಂತ ಕೆಳಗೆ ಹೋದರೆ ಬೇರೆ ಹೆಡ್ಡೇ ಗತಿ. ಎಂಜಿನ್ ತುಂಬಾ ಬಿಸಿಯಾಗಿದ್ದರೆ ಪ್ರೆಷರ್ ಟೆಸ್ಟ್ ಕೂಡ ಮಾಡಿಸಿ. ವಾಲ್ವ್ ಸೀಟುಗಳ ನಡುವಿನ ಕೂದಲೆಳೆಯ ಬಿರುಕು ಕಣ್ಣಿಗೆ ಸಿಗದೇ ಇರಬಹುದು.

ಕೂರಿಸುವುದು

ಹೊಸ ಗ್ಯಾಸ್ಕೆಟ್ ಅನ್ನು ಹಳೆಯದರ ಪಕ್ಕ ಇಟ್ಟು ಪ್ರತಿ ರಂಧ್ರ ಹೋಲಿಸಿ. ಡೀಸೆಲ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂಬುದರ ಮೇಲೆ ಗ್ಯಾಸ್ಕೆಟ್‌ನ ದಪ್ಪ ತೀರ್ಮಾನವಾಗುತ್ತದೆ, ಅಂಚಿನ ಕಚ್ಚು ಅಥವಾ ತೂತುಗಳು ಆ ದಪ್ಪವನ್ನು ಹೇಳುತ್ತವೆ. ಮೇಲ್ಮುಖ ಯಾವುದು ಎಂದು ಸಾಮಾನ್ಯವಾಗಿ ಗ್ಯಾಸ್ಕೆಟ್ ಮೇಲೇ ಬರೆದಿರುತ್ತದೆ. ಒಣಗಿದ ಮೇಲ್ಮೈ ಮೇಲೆ ಹಾಗೇ ಇಡಿ. ಮ್ಯಾನ್ಯುಯಲ್ ಹೇಳದಿದ್ದರೆ ಯಾವ ಅಂಟೂ ಬೇಡ.

ಹೆಡ್ ಕೂರಿಸುವ ಮುನ್ನ ಪಿಸ್ಟನ್ ಎಲ್ಲಿರಬೇಕು ಎಂದು ಮ್ಯಾನ್ಯುಯಲ್ ನೋಡಿ. ಕೆಲವು ಎಂಜಿನ್‌ಗಳಲ್ಲಿ ಎಲ್ಲ ಪಿಸ್ಟನ್ ಅರ್ಧಕ್ಕೆ ಇಳಿಸಿ, ಹೆಡ್ ಬಿಗಿದ ಮೇಲೆ ಗುರುತಿಗೆ ವಾಪಸ್ ತರಬೇಕು. ಈಗಿನ ಬಹುಪಾಲು ಎಂಜಿನ್‌ಗಳ ಹೆಡ್ ಬೋಲ್ಟ್ ಬಿಗಿಸಿದಾಗ ಹಿಗ್ಗುವಂಥವು. ಅಂಥವನ್ನು ಮತ್ತೆ ಬಳಸಬೇಡಿ, ಹೊಸದು ಹಾಕಿ. ಬಿಗಿಸುವುದು ನಡುವಿನಿಂದ ಅಂಚಿಗೆ, ಹಂತ ಹಂತವಾಗಿ. ಉದಾಹರಣೆಗೆ ಮೊದಲು ಎಲ್ಲಕ್ಕೂ 40 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ ತಿರುವು, ಮತ್ತೆ 90 ಡಿಗ್ರಿ ಎಂಬಂತೆ ಮ್ಯಾನ್ಯುಯಲ್ ಹೇಳುತ್ತದೆ. ಬಿಗಿಸಿದ ಬೋಲ್ಟ್‌ಗೆ ಪ್ರತಿ ಹಂತದಲ್ಲೂ ಪೇಂಟ್ ಚುಕ್ಕೆ ಇಡಿ, ಯಾವುದೂ ತಪ್ಪುವುದಿಲ್ಲ.

ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಹೊಸದು ಹಾಕಿ. ಬೆಲ್ಟೇ ತಿರುಗಿಸುವ ವಾಟರ್ ಪಂಪ್ ಆದರೆ ಅದನ್ನೂ ಈಗಲೇ ಬದಲಿಸುವುದು ಲೇಸು. ಗುರುತು ಕೂಡಿಸಿದ ಮೇಲೆ ಪಾನಾದಿಂದ ಕ್ರ್ಯಾಂಕ್ ಅನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಆಗ ಕ್ಯಾಮ್ ಒಂದು ಸುತ್ತು ಮುಗಿಸಿರುತ್ತದೆ, ಗುರುತುಗಳು ಮತ್ತೆ ಕೂಡಬೇಕು. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಜೋರು ಮಾಡಬೇಡಿ.

ಉಳಿದದ್ದನ್ನು ಫೋಟೊ ನೋಡಿಕೊಂಡು ಜೋಡಿಸಿ. ಹೊಸ ಆಯಿಲ್, ಹೊಸ ಫಿಲ್ಟರ್, ಹೊಸ ಕೂಲಂಟ್ ಹಾಕಿ. ಹಳೇ ಆಯಿಲ್‌ನಲ್ಲಿ ನೀರಿದ್ದರೆ ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸಿ. ಈ ಹೆಡ್ ಗ್ಯಾಸ್ಕೆಟ್ ಯಾಕೆ ಹೋಯಿತು ಎಂಬುದನ್ನೂ ಈಗಲೇ ಹುಡುಕಿ. ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ತೆರೆಯದ ಥರ್ಮೋಸ್ಟಾಟ್ ಹಾಗೇ ಉಳಿದರೆ ಹೊಸದೂ ಸುಡುತ್ತದೆ.

ಎಂಜಿನ್ ಹತ್ತದಂತೆ ಇಂಧನ ತಡೆದು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರ್‌ನಿಂದ ಸ್ವಲ್ಪ ಸ್ವಲ್ಪ ತಿರುಗಿಸಿ. ನಂತರ ಸ್ಟಾರ್ಟ್ ಮಾಡಿ, ಹೀಟರ್ ಅನ್ನು ಪೂರ್ತಿ ಬಿಸಿಗಿಟ್ಟು ಕೂಲಂಟ್‌ನ ಗಾಳಿ ಹೊರಹಾಕಿ. ಫ್ಯಾನ್ ತಾನಾಗಿ ತಿರುಗಿ ನಿಲ್ಲುವವರೆಗೆ ಪಕ್ಕದಲ್ಲೇ ಇದ್ದು ಮುಳ್ಳು ನೋಡುತ್ತಿರಿ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲಂಟ್ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಮುಂದಿನ ಒಂದು ವಾರ ಹೊರಡುವ ಮುನ್ನ ಆ ಗೆರೆ ನೋಡಿ.