ಮೊದಲ ವರ್ಷ ಮುಗಿಸಿ ಅಮೆರಿಕದ ಒಳ್ಳೆಯ ಬಿಸಿನೆಸ್ ಸ್ಕೂಲಿಗೆ ಟ್ರಾನ್ಸ್‌ಫರ್ ಆಗುವುದು ಹೇಗೆ

ಅಮೆರಿಕದ ಕಾಲೇಜೊಂದರಲ್ಲಿ ಮೊದಲ ವರ್ಷ ಓದಿ, ಎರಡನೇ ವರ್ಷಕ್ಕೆ ಇನ್ನೂ ಹೆಸರಿರುವ ಬಿಸಿನೆಸ್ ಸ್ಕೂಲು ಸೇರಬೇಕೆಂದಿರುವವರು ತಲೆ ಕೆಡಿಸಿಕೊಳ್ಳುವುದು ಪ್ರಬಂಧದ ಬಗ್ಗೆ. ಅರ್ಜಿಗಳು ಮುಗ್ಗರಿಸುವುದು ಮಾತ್ರ ಹೆಚ್ಚಾಗಿ ಕೋರ್ಸ್ ಪಟ್ಟಿಯಲ್ಲಿ. ಮಾರ್ಚ್‌ನಲ್ಲಿ ಕಳಿಸುವ ಅರ್ಜಿಯ ಹಣೆಬರಹ ಹಿಂದಿನ ಆಗಸ್ಟ್‌ನಲ್ಲಿ ಕೋರ್ಸ್ ಆರಿಸುವಾಗಲೇ ಅರ್ಧ ಬರೆದಾಗಿರುತ್ತದೆ.

ಎಲ್ಲಿಗೆ ಹೋಗಬಹುದು

ಹೆಸರು ನೋಡಿ ಪಟ್ಟಿ ಮಾಡಬೇಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಪದವಿ ಹಂತದಲ್ಲಿ ಬಿಸಿನೆಸ್ ಎಂಬ ಮೇಜರ್ (ಪದವಿಯ ಮುಖ್ಯ ವಿಷಯ) ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ (ಯುಸಿ) ಲಾಸ್ ಏಂಜಲೀಸ್ ಕ್ಯಾಂಪಸ್ಸಾದ ಯುಸಿಎಲ್‌ಎಯಲ್ಲಿ ಸಿಗುವುದು ಬಿಸಿನೆಸ್ ಎಕನಾಮಿಕ್ಸ್. ಯುಸಿ ಕ್ಯಾಂಪಸ್‌ಗಳು ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ಮುಖ್ಯವಾಗಿ ಮೂರನೇ ವರ್ಷಕ್ಕೆ, ಅಂದರೆ 60 ಸೆಮಿಸ್ಟರ್ ಕ್ರೆಡಿಟ್ (ಕೋರ್ಸಿನ ಓದನ್ನು ಅಳೆಯುವ ಲೆಕ್ಕ) ಮುಗಿಸಿದವರನ್ನೇ ತೆಗೆದುಕೊಳ್ಳುತ್ತವೆ. ಯುಸಿ ಬರ್ಕ್ಲಿಯ ಬಿಸಿನೆಸ್ ಸ್ಕೂಲು ಹಾಸ್ ಕೂಡ ಹಾಗೆಯೇ. ಒಂದೇ ವರ್ಷ ಓದಿದವರಿಗೆ ಅಲ್ಲಿ ಬಾಗಿಲು ಮುಚ್ಚಿದಂತೆಯೇ. ಎರಡನೇ ವರ್ಷಕ್ಕೆ ಹೊರಗಿನವರನ್ನು ಸೇರಿಸಿಕೊಳ್ಳುವ ಕಡೆ ನೋಡಬೇಕು: ನ್ಯೂಯಾರ್ಕ್ ವಿಶ್ವವಿದ್ಯಾಲಯದ (ಎನ್‌ವೈಯು) ಸ್ಟರ್ನ್, ಮಿಷಿಗನ್‌ನ ರಾಸ್, ಪೆನ್ಸಿಲ್ವೇನಿಯದ ವಾರ್ಟನ್, ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ (ಯುಎಸ್‌ಸಿ) ಮಾರ್ಷಲ್, ಜಾರ್ಜ್‌ಟೌನ್‌ನ ಮ್ಯಾಕ್‌ಡೊನೊ ಇಂಥವು.

ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದು ಬಲೆ ಇದೆ. ವಿಶ್ವವಿದ್ಯಾಲಯ ಸೇರಿಸಿಕೊಂಡ ಮಾತ್ರಕ್ಕೆ ಬಿಸಿನೆಸ್ ಸ್ಕೂಲಿನ ಸೀಟು ಕೈಗೆ ಬಂದಂತಲ್ಲ. ಪತ್ರದಲ್ಲಿ ‘ಪ್ರೀ-ಬಿಸಿನೆಸ್’ ಎಂದಿದ್ದರೆ, ಅಲ್ಲಿ ಹೋದ ಮೇಲೆ ಇನ್ನೊಂದು ಅರ್ಜಿ ಹಾಕಿ, ಇನ್ನೊಂದು ಸುತ್ತು ಪೈಪೋಟಿ ಮಾಡಬೇಕು ಎಂದರ್ಥ. ಆ ಸುತ್ತಿನಲ್ಲಿ ಸೋತರೆ ಹೊಸ ಊರಿನಲ್ಲಿ ಬೇಡದ ಮೇಜರ್ ಹಿಡಿದು ಕೂರಬೇಕಾಗುತ್ತದೆ. ನೇರ ಪ್ರವೇಶವೋ ಅಲ್ಲವೋ ಎಂಬುದನ್ನು ಅಡ್ಮಿಷನ್ಸ್ ಕಚೇರಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನ ಮಾತು ಸಾಲದು. ಈಗಿರುವುದು ದೊಡ್ಡ ವಿಶ್ವವಿದ್ಯಾಲಯವೇ ಆಗಿದ್ದರೆ, ಅದರದ್ದೇ ಬಿಸಿನೆಸ್ ಸ್ಕೂಲಿಗೆ ಒಳಗಿಂದೊಳಗೇ ಬದಲಾಗುವ ದಾರಿಯನ್ನೂ ವಿಚಾರಿಸಿಡಿ. ಕ್ರೆಡಿಟ್ ಕಳೆದುಕೊಳ್ಳುವ ಭಯ ಅಲ್ಲಿ ಕಡಿಮೆ.

ಕೋರ್ಸ್‌ಗಳು

ಎಲ್ಲ ಕಡೆಯೂ ಮತ್ತೆ ಮತ್ತೆ ಕೇಳುವುದು ನಾಲ್ಕು: ಕ್ಯಾಲ್ಕುಲಸ್, ಮೈಕ್ರೋ ಎಕನಾಮಿಕ್ಸ್, ಮ್ಯಾಕ್ರೋ ಎಕನಾಮಿಕ್ಸ್, ಇಂಗ್ಲಿಷ್ ಬರವಣಿಗೆ. ಅದಾದ ಮೇಲೆ ಸ್ಟ್ಯಾಟಿಸ್ಟಿಕ್ಸ್, ಫೈನಾನ್ಷಿಯಲ್ ಅಕೌಂಟಿಂಗ್. ಕ್ಯಾಲ್ಕುಲಸ್ ಮತ್ತು ಮೈಕ್ರೋವನ್ನು ಮೊದಲ ಸೆಮಿಸ್ಟರಿನಲ್ಲೇ ತೆಗೆದುಕೊಳ್ಳಿ. ಅರ್ಜಿ ಓದುವವರ ಕೈಯಲ್ಲಿರುವುದು ಆ ಒಂದೇ ಸೆಮಿಸ್ಟರಿನ ಗ್ರೇಡು. ಗಣಿತದ ಗ್ರೇಡು ಅದರಲ್ಲಿ ಇಲ್ಲದಿದ್ದರೆ ಅವರಿಗೆ ತೂಗಿ ನೋಡಲು ಏನೂ ಸಿಗುವುದಿಲ್ಲ.

ಕ್ಯಾಲ್ಕುಲಸ್ ವಿಷಯದಲ್ಲಿ ಎಚ್ಚರ ಬೇಕು. ಅನೇಕ ಕಾಲೇಜುಗಳಲ್ಲಿ ‘ಬಿಸಿನೆಸ್ ಕ್ಯಾಲ್ಕುಲಸ್’ ಎಂಬ ಹಗುರ ಕೋರ್ಸು, ಗಣಿತ–ಎಂಜಿನಿಯರಿಂಗ್‌ನವರು ಓದುವ ‘ಕ್ಯಾಲ್ಕುಲಸ್ 1’ ಎರಡೂ ಇರುತ್ತವೆ. ಹೆಸರು ಕೇಳಿದರೆ ಮೊದಲನೆಯದೇ ನಮಗೆ ತಕ್ಕದ್ದು ಅನ್ನಿಸುತ್ತದೆ. ಆದರೆ ಟ್ರಿಗನಾಮೆಟ್ರಿ ಬಿಟ್ಟ ಆ ಕೋರ್ಸನ್ನು ಕೆಲವು ಸ್ಕೂಲುಗಳು ಒಪ್ಪುವುದಿಲ್ಲ. ಕ್ಯಾಲ್ಕುಲಸ್ 1 ಎಲ್ಲ ಕಡೆಯೂ ನಡೆಯುತ್ತದೆ. ಸಂಶಯವಿದ್ದರೆ ಕಷ್ಟದ್ದನ್ನೇ ಆರಿಸಿ.

ಕ್ರೆಡಿಟ್ ಸಾಗಿಸಲು ಸಾಮಾನ್ಯವಾಗಿ ‘ಸಿ’ ಅಥವಾ ಅದಕ್ಕಿಂತ ಮೇಲಿನ ಗ್ರೇಡು ಬೇಕು. ಪಾಸ್/ಫೇಲ್ ಆಯ್ಕೆ ಮಾಡಿದರೆ ಆ ಕೋರ್ಸು ಲೆಕ್ಕಕ್ಕೆ ಬರದೇ ಹೋಗಬಹುದು. ಮಾರ್ಕೆಟಿಂಗ್, ಫೈನಾನ್ಸ್‌ನಂಥ ಮೇಲಿನ ಹಂತದ ಬಿಸಿನೆಸ್ ಕೋರ್ಸುಗಳನ್ನು ಆತುರಪಟ್ಟು ಮುಗಿಸಬೇಡಿ. ಹೊಸ ಸ್ಕೂಲು ಅವನ್ನು ಬರಿಯ ಐಚ್ಛಿಕ ಕ್ರೆಡಿಟ್ ಎಂದು ಬರೆದುಕೊಂಡು, ಅದೇ ವಿಷಯವನ್ನು ಮತ್ತೆ ಓದಿಸುವುದೇ ಹೆಚ್ಚು. ಈಗಿನ ಕಾಲೇಜು ಕ್ವಾರ್ಟರ್ ಪದ್ಧತಿಯದ್ದಾದರೆ (ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳದ್ದು) ಅಲ್ಲಿನ ಕ್ರೆಡಿಟನ್ನು ಮೂರನೇ ಎರಡು ಪಾಲಿನಿಂದ ಗುಣಿಸಿ: 45 ಕ್ವಾರ್ಟರ್ ಕ್ರೆಡಿಟ್ ಎಂದರೆ 30 ಸೆಮಿಸ್ಟರ್ ಕ್ರೆಡಿಟ್. 4 ಕ್ವಾರ್ಟರ್ ಕ್ರೆಡಿಟಿನ ಕೋರ್ಸು 2.67ಕ್ಕೆ ಇಳಿಯುತ್ತದೆ. ಎದುರಿನವರು 3 ಕೇಳಿದ್ದರೆ ಅಷ್ಟಕ್ಕೇ ತಕರಾರು ಏಳಬಹುದು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳ ಅಂಕಗಳಿಗೆ ಈಗಿನ ಕಾಲೇಜು ಕೊಟ್ಟ ಕ್ರೆಡಿಟ್ ತಾನಾಗಿ ಸಾಗುವುದಿಲ್ಲ. ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನಿಂದ ಅಂಕಪಟ್ಟಿಯನ್ನು ಹೊಸದಾಗಿ ಕಳಿಸಬೇಕು.

ಪ್ರತಿ ಕೋರ್ಸಿನ ಸಿಲಬಸ್‌ನ ಪಿಡಿಎಫ್ ಆಯಾ ಸೆಮಿಸ್ಟರಿನಲ್ಲೇ ಇಳಿಸಿಟ್ಟುಕೊಳ್ಳಿ. ವಾರವಾರದ ಪಾಠ, ಪಠ್ಯಪುಸ್ತಕದ ಹೆಸರು ಅದರಲ್ಲಿರಬೇಕು. ಕಾಲೇಜು ಬಿಟ್ಟ ಮೇಲೆ ಲಾಗಿನ್ ಮುಚ್ಚಿಹೋಗುತ್ತದೆ. ಕ್ರೆಡಿಟ್ ಕೊಡಲಿಲ್ಲವೆಂದು ಮೇಲ್ಮನವಿ ಹಾಕುವಾಗ ಕೈಯಲ್ಲಿರುವ ಸಾಕ್ಷಿ ಆ ಸಿಲಬಸ್ ಒಂದೇ.

ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ) ಎಷ್ಟಿರಬೇಕು? ಮೇಲೆ ಹೇಳಿದ ಸ್ಕೂಲುಗಳಿಗೆ 3.7 ಅನ್ನು ಕೆಳಮಿತಿ ಎಂದುಕೊಂಡು ಹೊರಡುವುದು ಕ್ಷೇಮ. ಕಾಲೇಜಿನ ಗ್ರೇಡುಗಳು ಇನ್ನೂ ಕೆಲವೇ ಇರುವುದರಿಂದ ಹೈಸ್ಕೂಲಿನ ಅಂಕಪಟ್ಟಿಯ ತೂಕವೂ ಕಳೆದಿರುವುದಿಲ್ಲ.

ಕಾಗದಪತ್ರ, ದಿನಾಂಕ

ಬಹುತೇಕ ಕಡೆ ಹಾಕಬೇಕಾದದ್ದು, ಅನೇಕ ಕಾಲೇಜುಗಳಿಗೆ ಒಂದೇ ಜಾಲತಾಣದಿಂದ ಅರ್ಜಿ ಕಳಿಸುವ ಕಾಮನ್ ಆ್ಯಪ್‌ನ ಟ್ರಾನ್ಸ್‌ಫರ್ ಅರ್ಜಿ. ಮೊದಲ ವರ್ಷದವರ ಅರ್ಜಿಗಿಂತ ಅದು ಬೇರೆ, ಆರಿಸುವಾಗ ನೋಡಿಕೊಳ್ಳಿ. ಕೊನೆಯ ದಿನಾಂಕಗಳು ಹೆಚ್ಚಾಗಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ 1ರ ಒಳಗೆ ಬರುತ್ತವೆ. ಆಯಾ ವರ್ಷದ ದಿನಾಂಕವನ್ನು ಸ್ಕೂಲಿನ ಪುಟದಲ್ಲೇ ಖಚಿತ ಮಾಡಿಕೊಳ್ಳಿ. ಜೊತೆಗೆ ಕಾಲೇಜು ಮತ್ತು ಹೈಸ್ಕೂಲಿನ ಅಧಿಕೃತ ಅಂಕಪಟ್ಟಿ, ಪ್ರಾಧ್ಯಾಪಕರ ಶಿಫಾರಸು, ಮತ್ತು ಎರಡು ತೊಡಕಿನ ಕಾಗದಗಳು ಬೇಕಾಗಬಹುದು. ಒಂದು ಕಾಲೇಜ್ ರಿಪೋರ್ಟ್. ನೀವು ಶಿಸ್ತಿನ ಕ್ರಮಕ್ಕೆ ಒಳಗಾಗಿಲ್ಲ ಎಂದು ರಿಜಿಸ್ಟ್ರಾರ್ ಅಥವಾ ಡೀನ್ ಕಚೇರಿ ಬರೆದುಕೊಡುವುದು. ಇನ್ನೊಂದು ಮಿಡ್‌ಟರ್ಮ್ ರಿಪೋರ್ಟ್. ಈ ಸೆಮಿಸ್ಟರಿನ ಪ್ರತಿ ಕೋರ್ಸಿನಲ್ಲಿ ಈವರೆಗಿನ ಗ್ರೇಡು ಎಷ್ಟೆಂದು ಪಾಠ ಹೇಳುವವರಿಂದ ತುಂಬಿಸುವುದು. ಎರಡಕ್ಕೂ ಮೂರು ವಾರ ಹಿಡಿದಿಡಿ. ಮಾರ್ಚ್‌ನಲ್ಲಿ ಸ್ಪ್ರಿಂಗ್ ಬ್ರೇಕ್ ಅಡ್ಡ ಬಂದು ಕಚೇರಿಯಲ್ಲಿ ಯಾರೂ ಸಿಗದಿರುವುದು ಮಾಮೂಲು.

ಶಿಫಾರಸನ್ನು ನವೆಂಬರ್ ಕೊನೆಯಲ್ಲೇ ಕೇಳಿ. ಮುನ್ನೂರು ಜನರ ತರಗತಿಯ ಹೆಸರಾಂತ ಪ್ರೊಫೆಸರಿಗಿಂತ, ಇಪ್ಪತ್ತು ಜನರ ಬರವಣಿಗೆ ತರಗತಿಯ ಮೇಷ್ಟರ ಪತ್ರ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಬಂಧದಲ್ಲಿ ಈಗಿನ ಕಾಲೇಜನ್ನು ಬೈಯಬೇಡಿ, ಹೊಸದರ ರ‍್ಯಾಂಕಿಂಗ್ ಹೊಗಳಲೂ ಬೇಡಿ. ‘ನಿಮ್ಮಲ್ಲಿ ಅವಕಾಶಗಳು ಹೆಚ್ಚು’ ಎಂಬ ವಾಕ್ಯವನ್ನು ಯಾವ ಸ್ಕೂಲಿಗೆ ಬೇಕಾದರೂ ಕಳಿಸಬಹುದು, ಅದಕ್ಕೇ ಅದು ಯಾರಿಗೂ ನಾಟುವುದಿಲ್ಲ. ‘ಇಲ್ಲಿ ಆಪರೇಷನ್ಸ್‌ನಲ್ಲಿ ಇರುವುದು ಒಂದೇ ಕೋರ್ಸು, ನನಗೆ ಬೇಕಾದದ್ದು ಸಪ್ಲೈ ಚೈನ್, ನಿಮ್ಮಲ್ಲಿ ಮೂರನೇ ವರ್ಷದಲ್ಲಿ ಈ ಈ ಕೋರ್ಸುಗಳಿವೆ’ ಎಂದು ಬರೆದರೆ ಓದುವವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ದುಡ್ಡು, ವೀಸಾ

ಟ್ರಾನ್ಸ್‌ಫರ್ ಆದವರಿಗೆ ಮೆರಿಟ್ ಸ್ಕಾಲರ್‌ಶಿಪ್ ಕಡಿಮೆ. ಈಗಿರುವುದನ್ನು ಬಿಟ್ಟು ಹೋಗುತ್ತಿದ್ದರೆ ಆ ಮೊತ್ತವನ್ನು ಮೂರು ವರ್ಷಕ್ಕೆ ಗುಣಿಸಿ ಎದುರಿಗಿಟ್ಟುಕೊಂಡು ಯೋಚಿಸಿ. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇದ್ದವರು ಸರ್ಕಾರದ ಆರ್ಥಿಕ ನೆರವಿನ ಅರ್ಜಿಯಾದ ಎಫ್‌ಎಎಫ್‌ಎಸ್‌ಎಯಲ್ಲಿ ಹೊಸ ಸ್ಕೂಲಿನ ಕೋಡ್ ಸೇರಿಸಬೇಕು. ಸಿಎಸ್‌ಎಸ್ ಪ್ರೊಫೈಲ್ (ಕಾಲೇಜಿನ ಸ್ವಂತ ನೆರವಿಗೆ ಕೊಡುವ ಅರ್ಜಿ) ಕೇಳುವ ಖಾಸಗಿ ಕಾಲೇಜುಗಳಿಗೆ ಅದನ್ನೂ ಕೊಡಬೇಕು.

ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಟ್ಟಿರುವ ದಾಖಲೆ ವ್ಯವಸ್ಥೆ) ದಾಖಲೆಯನ್ನು ಹೊಸ ಸ್ಕೂಲಿಗೆ ದಾಟಿಸಬೇಕು. ನಿಯಮಗಳು ಬದಲಾಗುತ್ತಿರುವುದರಿಂದ, ಡೆಪಾಸಿಟ್ ಕಟ್ಟುವ ಮುಂಚೆಯೇ ಎರಡೂ ಕಡೆಯ ಡಿಎಸ್‌ಒಗಳ (ಕಾಲೇಜಿನಲ್ಲಿ ಈ ದಾಖಲೆ ನೋಡಿಕೊಳ್ಳುವ ಅಧಿಕಾರಿಗಳ) ಜೊತೆ ಮಾತಾಡಿ. ಪ್ರವೇಶ ಪತ್ರ ತೋರಿಸಿ ಹಳೆಯ ಡಿಎಸ್‌ಒ ಜೊತೆ ‘ರಿಲೀಸ್ ದಿನಾಂಕ’ (ದಾಖಲೆ ಹೊಸ ಸ್ಕೂಲಿಗೆ ದಾಟುವ ದಿನ) ಗೊತ್ತುಮಾಡಿಕೊಳ್ಳಬೇಕು. ಆ ದಿನದ ನಂತರವೇ ಹೊಸ ಸ್ಕೂಲು ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಅರ್ಹತಾ ಪತ್ರ) ಕೊಡಲು ಸಾಧ್ಯ. ಹಳೆಯ ಕ್ಯಾಂಪಸ್ಸಿನ ಕೆಲಸ ಅಂದೇ ನಿಲ್ಲಿಸಬೇಕು. ಬೇಸಿಗೆಯಲ್ಲಿ ಊರಿಗೆ ಹೋಗುವವರು ಹೊಸ ಐ-20 ಕೈಗೆ ಬಂದ ಮೇಲೆ, ಅದನ್ನು ಹಿಡಿದೇ ವಾಪಸು ಬನ್ನಿ.

ಸೀಟು ಸಿಕ್ಕ ಮೇಲೆ

ಡೆಪಾಸಿಟ್ ಕಟ್ಟುವ ಮೊದಲು ಕ್ರೆಡಿಟ್ ಮೌಲ್ಯಮಾಪನ ಕೇಳಿ. ಪೂರ್ಣವಾಗಿ ಸಿದ್ಧವಿಲ್ಲದಿದ್ದರೆ ಅಂದಾಜಿನ ಪಟ್ಟಿಯನ್ನಾದರೂ ಕೇಳಿ. ನೋಡಬೇಕಾದದ್ದು ಎಷ್ಟು ಕ್ರೆಡಿಟ್ ಬಂತು ಎಂಬುದಕ್ಕಿಂತ ಮೇಜರಿನ ಕಡ್ಡಾಯ ಕೋರ್ಸುಗಳಲ್ಲಿ ಎಷ್ಟು ಮುಗಿದಂತಾದವು ಎಂಬುದು. 30 ಕ್ರೆಡಿಟ್ ಬಂದೂ ಅದರಲ್ಲಿ 12 ಐಚ್ಛಿಕಕ್ಕೆ ಹೋದರೆ, ಒಂದು ಸೆಮಿಸ್ಟರ್ ಹೆಚ್ಚಿಗೆ ಓದಬೇಕಾಗಬಹುದು.

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕಡೆ ಕಣ್ಣಿಟ್ಟವರಿಗೆ ಬಿಡುವೇ ಇರುವುದಿಲ್ಲ. ಮೂರನೇ ವರ್ಷದ ಬೇಸಿಗೆ ಇಂಟರ್ನ್‌ಶಿಪ್‌ಗೆ ದೊಡ್ಡ ಬ್ಯಾಂಕುಗಳು ಎರಡನೇ ವರ್ಷದಲ್ಲೇ ಅರ್ಜಿ ಕರೆಯುತ್ತವೆ. ಅಂದರೆ ಹೊಸ ಕ್ಯಾಂಪಸ್ಸಿಗೆ ಕಾಲಿಟ್ಟು ಕೆಲವೇ ತಿಂಗಳು. ಫೈನಾನ್ಸ್, ಕನ್ಸಲ್ಟಿಂಗ್ ಕ್ಲಬ್ಬುಗಳ ಆಯ್ಕೆ ಸೆಮಿಸ್ಟರಿನ ಮೊದಲ ವಾರಗಳಲ್ಲೇ ಮುಗಿದುಬಿಡುತ್ತದೆ. ಹಾಗಾಗಿ ರೆಸ್ಯೂಮೆಯನ್ನು ಜುಲೈನಲ್ಲೇ ಸಿದ್ಧ ಮಾಡಿ, ಕರಿಯರ್ ಆಫೀಸಿನ ಮೊದಲ ಅಪಾಯಿಂಟ್‌ಮೆಂಟನ್ನು ಕ್ಯಾಂಪಸ್ಸಿಗೆ ಹೋಗುವ ಮುಂಚೆಯೇ ಕಾದಿರಿಸಿ.