ಕ್ಯಾಂಪರ್ ವ್ಯಾನ್ ಆರಿಸುವ ಮುಂಚೆ ಮಂಚ ಅಳೆಯಿರಿ

ಜರ್ಮನಿಯಲ್ಲಿರುವ ನಿಮ್ಮ ಮನೆಗೆ ಊರಿಂದ ಅಪ್ಪ–ಅಮ್ಮ ಬಂದಿದ್ದಾರೆ. ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವಂಥ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಎಲ್ಲರೂ ಆಲ್ಪ್ಸ್ ಕಡೆ ಹೋಗಿ ಬರೋಣ ಎಂದುಕೊಂಡಿದ್ದೀರಿ. ಬಾಡಿಗೆಯವರ ಪಟ್ಟಿ ತೆರೆದರೆ ಹತ್ತಾರು ಒಳನಕ್ಷೆಗಳು. ಒಲೆ, ಫ್ರಿಜ್, ಶೌಚಾಲಯ ಹೆಚ್ಚುಕಮ್ಮಿ ಎಲ್ಲದರಲ್ಲೂ ಇವೆ. ಏನು ನೋಡಿ ಆರಿಸುವುದು? ಮೊದಲು ಮಂಚ ನೋಡಿ. ಉಳಿದಿದ್ದೆಲ್ಲ ಮಂಚ ಬಿಟ್ಟ ಜಾಗದಲ್ಲೇ ಹೊಂದಿಕೊಳ್ಳಬೇಕು.

ಮೊದಲು ತಲೆ ಎಣಿಸಿ

‘ನಾಲ್ವರು ಮಲಗಬಹುದು’ ಎಂದರೆ ನಾಲ್ವರು ಕೂತು ಪ್ರಯಾಣ ಮಾಡಬಹುದು ಎಂದು ಅರ್ಥವಲ್ಲ. ಸೀಟ್ ಬೆಲ್ಟ್ ಇರುವ ಆಸನ ಎಷ್ಟು ಎಂದು ಬೇರೆಯಾಗಿ ಕೇಳಿ. ಈ ವ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಎರಡು, ಹಿಂದಿನ ಬೆಂಚಿನಲ್ಲಿ ಎರಡು ಆಸನ ಇರುತ್ತವೆ. ನೀವಿಬ್ಬರು, ಅಪ್ಪ–ಅಮ್ಮ, ಒಂದು ಮಗು ಎಂದರೆ ಐದಾಯಿತು. ಆಗ ಇನ್ನೂ ದೊಡ್ಡ ಮೋಟರ್‌ಹೋಮ್ ನೋಡಬೇಕು. ಜರ್ಮನಿಯಲ್ಲಿ 12 ವರ್ಷ ತುಂಬದ, 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಅದು ಹಿಂದಿನ ಬೆಂಚಿಗೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಉದ್ದದಲ್ಲಿ ಮಂಚ ಕಳೆಯಿರಿ

ಯುರೋಪಿನ ಬಹಳಷ್ಟು ಕ್ಯಾಂಪರ್‌ಗಳು ಫಿಯೆಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದವು. ಕ್ಯಾಂಪರ್‌ಗೆ ಬಳಸುವುದು ಮುಖ್ಯವಾಗಿ ಮೂರು ಉದ್ದದವು: 5.41, 5.99 ಮತ್ತು 6.36 ಮೀಟರ್. ಆದರೆ ಮನೆ ಮಾಡಲು ಸಿಗುವುದು ಚಾಲಕನ ಸೀಟಿನ ಹಿಂದಿನ ಜಾಗ ಮಾತ್ರ. ಅದು ಕ್ರಮವಾಗಿ ಸುಮಾರು 3.12, 3.70 ಮತ್ತು 4.07 ಮೀಟರ್. ಅಗಲ 1.87 ಮೀಟರ್. ಒಳಗೋಡೆ, ಶಾಖ ತಡೆಯುವ ಪದರ ಕೂತ ಮೇಲೆ ಅದೂ ಕಡಿಮೆಯಾಗುತ್ತದೆ.

ಈಗ ಲೆಕ್ಕ ಹಾಕಿ. ಹಿಂಬದಿಯಲ್ಲಿ ಅಡ್ಡಡ್ಡ ಹಾಕಿದ ಜೋಡಿ ಮಂಚ ಸುಮಾರು 1.40 ಮೀಟರ್ ತಿನ್ನುತ್ತದೆ. 5.99ರ ವ್ಯಾನಿನಲ್ಲಿ ಆಮೇಲೂ 2.30 ಮೀಟರ್ ಉಳಿಯುತ್ತದೆ. ಅಡುಗೆ ಕಟ್ಟೆ, ಶೌಚಾಲಯ, ಊಟದ ಬೆಂಚು ಅಷ್ಟರಲ್ಲಿ ಹಿಡಿಸುತ್ತವೆ. ಅದೇ ವ್ಯಾನಿನಲ್ಲಿ ಉದ್ದುದ್ದಕ್ಕೆ ಎರಡು ಬಿಡಿ ಮಂಚ ಹಾಕಿದರೆ ಸುಮಾರು 1.95 ಮೀಟರ್ ಹೋಗುತ್ತದೆ. ಉಳಿಯುವುದು 1.75 ಮಾತ್ರ. ಉದ್ದುದ್ದದ ಮಂಚಗಳು ಹೆಚ್ಚಾಗಿ 6.36ರ ವ್ಯಾನಿನಲ್ಲೇ ಕಾಣುವುದು ಇದಕ್ಕೇ.

ಅಡ್ಡ ಮಂಚದಿಂದ ಜಾಗ ಉಳಿಯುತ್ತದೆ, ನಿಜ. ಆದರೆ ಗೋಡೆಯಿಂದ ಗೋಡೆಗೆ ಮಲಗಬೇಕು. ಆರಡಿ ಎತ್ತರದವರಿಗೆ ಕಾಲು ಚಾಚಲು ಆಗುವುದಿಲ್ಲ. ಒಳಬದಿ ಮಲಗಿದವರು ರಾತ್ರಿ ಎದ್ದರೆ ಪಕ್ಕದವರನ್ನು ದಾಟಿಯೇ ಇಳಿಯಬೇಕು. ಮಂಚದ ಕೆಳಗೆ ಸಾಮಾನು ಇಡುವುದರಿಂದ ಅದು ಸೊಂಟದ ಮಟ್ಟಕ್ಕೆ ಎತ್ತರವಾಗಿರುತ್ತದೆ. ಮಂಡಿ ನೋವಿರುವ ಅಮ್ಮನಿಗೆ ರಾತ್ರಿ ಎರಡು ಸಲ ಹತ್ತಿ ಇಳಿಯುವುದು ಕಷ್ಟ ಅಲ್ವಾ? ಹಿರಿಯರಿದ್ದರೆ ನಾನಂತೂ ಬಿಡಿ ಮಂಚಗಳನ್ನೇ ಹೇಳುತ್ತೇನೆ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಎಲ್ಲರಿಗೂ ನಿದ್ದೆ ಬರುತ್ತದೆ.

ಉಳಿದಿಬ್ಬರಿಗೆ? ಮೇಲಕ್ಕೆ ತೆರೆಯುವ ಚಾವಣಿಯಲ್ಲಿ ಹಾಸಿಗೆ ಇರುವ ವ್ಯಾನ್ ಹುಡುಕಿ. ಏಣಿ ಹತ್ತಬೇಕು, ಗೋಡೆ ಬರೀ ಬಟ್ಟೆ, ಬೆಟ್ಟದ ಮೇಲೆ ಚಳಿ ಜೋರು. ಅಲ್ಲಿ ಹರೆಯದವರೇ ಮಲಗಲಿ.

ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಎಂಬ ಚಿಕ್ಕ ಕ್ಯಾಂಪರ್ ಬೇರೆ ಜಾತಿಯದು. ಟಿ6.1 ಮಾದರಿಯ ಉದ್ದ 4.90 ಮೀಟರ್, ಎತ್ತರ 1.99. ಹಾಗಾಗಿ ಊರೊಳಗೆ 2 ಮೀಟರ್ ಮಿತಿಯ ಪಾರ್ಕಿಂಗ್‌ಗೂ ನುಗ್ಗುತ್ತದೆ. ಆದರೆ ಕೆಳಗಿನ ಹಾಸಿಗೆಗಾಗಿ ದಿನಾ ಸೀಟು ಮಡಚಬೇಕು, ಬೆಳಿಗ್ಗೆ ಮತ್ತೆ ಎತ್ತಬೇಕು. ಒಳಗೆ ಶೌಚಾಲಯದ ಕೋಣೆಯೂ ಇಲ್ಲ. ಇಬ್ಬರೇ ಹೋಗುವುದಾದರೆ ಚೆಂದ.

ಅಡುಗೆ, ಶೌಚಾಲಯ

ಒಲೆ ಪಕ್ಕಕ್ಕೆ ಸರಿಯುವ ಬಾಗಿಲಿನ ಬಳಿ ಇರಲಿ. ಒಗ್ಗರಣೆ ಘಾಟು ಹೊರಗೆ ಹೋಗಬೇಕಲ್ಲ, ಹಾಸಿಗೆ ಅಲ್ಲೇ ಇರುತ್ತದೆ. ಎರಡು ಬರ್ನರ್‌ಗಳ ನಡುವಿನ ಅಂತರ ನೋಡಿ. ಕುಕ್ಕರ್ ಒಂದರ ಮೇಲಿಟ್ಟರೆ ಪಕ್ಕದಲ್ಲಿ ಬಾಣಲೆ ಕೂರುವುದೇ ಕಷ್ಟ. ತರಕಾರಿ ಹೆಚ್ಚಲು ಮಡಚುವ ಹಲಗೆ ಇದ್ದರೆ ತುಂಬಾ ಅನುಕೂಲ.

ಶೌಚಾಲಯದ ಕೋಣೆಯಲ್ಲೇ ಶವರ್ ಕೂಡ ಇರುತ್ತದೆ. ಒಬ್ಬರು ಸ್ನಾನ ಮಾಡಿದರೆ ನೆಲವೆಲ್ಲ ಒದ್ದೆ. ಕ್ಯಾಂಪ್‌ಸೈಟ್‌ಗಳಲ್ಲಿ ಸ್ನಾನದ ಮನೆ ಇರುವುದರಿಂದ ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮಂಚದಿಂದ ಶೌಚಾಲಯಕ್ಕೆ ಕತ್ತಲಲ್ಲಿ ಯಾರನ್ನೂ ಎಬ್ಬಿಸದೆ ಹೋಗಬಹುದೇ ಎಂದಷ್ಟೇ ನೋಡಿ.

ನೆಲದ ಮೇಲೆ ಗೀಚಿ

ಆಯ್ಕೆ ಎರಡಕ್ಕೆ ಇಳಿದ ಮೇಲೆ ಸೀಮೆಸುಣ್ಣ ತೆಗೆದುಕೊಂಡು ಅಂಗಳದಲ್ಲಿ ನಿಜ ಅಳತೆಗೇ ನಕ್ಷೆ ಬರೆಯಿರಿ. ಮಂಚ, ಕಟ್ಟೆ, ಬೆಂಚು, ಶೌಚಾಲಯ ಎಲ್ಲವನ್ನೂ ಗುರುತು ಮಾಡಿ. ಎಲ್ಲರೂ ಒಳಗೆ ನಿಂತು ನೋಡಿ. ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ದಾಟುವುದು ಹೇಗೆ? ಸೂಟ್‌ಕೇಸುಗಳು ಎಲ್ಲಿ? ಕಾಗದದ ಮೇಲೆ ಕಾಣದ ಇಕ್ಕಟ್ಟು ಇಲ್ಲಿ ಕೂಡಲೇ ಗೊತ್ತಾಗುತ್ತದೆ.

ತೂಕವನ್ನೂ ಮರೆಯಬೇಡಿ. ಯುರೋಪಿನಲ್ಲಿ ಸಾಮಾನ್ಯ ಕಾರು ಲೈಸೆನ್ಸ್‌ಗೆಂದೇ ಹೆಚ್ಚಿನ ಬಾಡಿಗೆ ವ್ಯಾನ್‌ಗಳ ಒಟ್ಟು ತೂಕದ ಮಿತಿ 3,500 ಕೆ.ಜಿ. 100 ಲೀಟರ್ ನೀರು ತುಂಬಿದರೆ ಅಲ್ಲಿಗೇ 100 ಕೆ.ಜಿ. ನಾಲ್ಕು ಜನ, ಬಟ್ಟೆ, ಅಕ್ಕಿ–ಬೇಳೆ ಎಲ್ಲ ಸೇರಿ ಎಷ್ಟು ಹೊರಬಹುದು ಎಂದು ಕೇಳಿ.

ಕೊನೆಗೆ ಬುಕಿಂಗ್. ಬಾಡಿಗೆಯವರು ಹಲವು ಸಲ ಇಂಥದ್ದೇ ವ್ಯಾನ್ ಎಂದು ಮಾತು ಕೊಡುವುದಿಲ್ಲ, ‘ಈ ವರ್ಗದ್ದು’ ಎನ್ನುತ್ತಾರೆ. ಅದೇ ವರ್ಗದಲ್ಲಿ ಅಡ್ಡ ಮಂಚದ್ದೂ ಬರಬಹುದು, ಉದ್ದ ಮಂಚದ್ದೂ ಬರಬಹುದು. ನಿಮಗೆ ಬೇಕಾದ ಮಂಚ, ಬೆಲ್ಟ್ ಇರುವ ಆಸನಗಳ ಸಂಖ್ಯೆ, ಈ ಎರಡನ್ನೂ ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೇ ಮುಂಗಡ ಕೊಡಿ.