ಕ್ಲಬ್ಬಿನ ರಿಪೀಟರ್ ಜವಾಬ್ದಾರಿ ನಿಮ್ಮ ಹೆಗಲಿಗೆ ಬಂದಾಗ

ಬೆಂಗಳೂರಿನ ಹ್ಯಾಮ್ (ಹವ್ಯಾಸಿ ರೇಡಿಯೋ) ಕ್ಲಬ್ಬಿನಲ್ಲಿ ತಾಂತ್ರಿಕ ಕೆಲಸದ ಮುಂದಾಳತ್ವ ಒಪ್ಪಿಕೊಂಡಿದ್ದೀರಾ? ಮೊದಲು ಒಂದು ನೋಟ್‌ಬುಕ್ ಇಡಿ. ರಿಪೀಟರ್ ಅಂದರೆ ಒಂದು ಫ್ರೀಕ್ವೆನ್ಸಿಯಲ್ಲಿ ಬಂದ ಸಿಗ್ನಲ್ ಹಿಡಿದು ಇನ್ನೊಂದರಲ್ಲಿ ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರ. ಅದರ ಎರಡೂ ಫ್ರೀಕ್ವೆನ್ಸಿ (2 ಮೀಟರ್ ಬ್ಯಾಂಡಿನಲ್ಲಿ, ಅಂದರೆ 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ), ಟೋನ್ (ರಿಪೀಟರ್ ತೆರೆದುಕೊಳ್ಳಲು ಮಾತಿನ ಜೊತೆ ಕಳಿಸುವ ಸ್ವರ), ಬ್ಯಾಟರಿ ಹಾಕಿದ ತಾರೀಖು, ಟೆರೇಸ್ ಕೀಲಿ ಯಾರ ಹತ್ತಿರ ಇದೆ, ಎಲ್ಲ ಬರೆಯಿರಿ. ನಾನು ಬರೆದಿಟ್ಟಿರಲಿಲ್ಲ. ಒಮ್ಮೆ ಜೋರು ಮಳೆಯಲ್ಲಿ ರಿಪೀಟರ್ ನಿಂತಾಗ ಕೀಲಿ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.

ಮೇ ತಿಂಗಳ ಮಳೆಗೆ ಮುಂಚೆಯೇ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಆಂಟೆನಾದ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಹಸಿರು ಕಿಲುಬು ಕಂಡರೆ ನೀರು ಇಳಿದಿದೆ. ಸುಮ್ನೆ ಒರೆಸಿ ಮತ್ತೆ ಹಾಕಬೇಡಿ. ಕೇಬಲ್ ಕಪ್ಪಾಗಿರುವಷ್ಟು ಉದ್ದ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಹೆಂಚು ಹೊದಿಸಿದ ಹಾಗೆ ಸುತ್ತಿ, ಆಮೇಲೆ ಎಸ್‌ಡಬ್ಲ್ಯೂಆರ್ (ಆಂಟೆನಾ ಕಡೆಯಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಅಂತ ತೋರಿಸುವ ಅನುಪಾತ) 1.5ರ ಒಳಗಿದೆಯಾ ಅಂತ ಅಳೆಯಿರಿ.

ಒಬ್ಬರೇ ಹತ್ತಬೇಡಿ. ಗುಡುಗು ಕೇಳಿಸಿದರೆ ತಕ್ಷಣ ಇಳಿಯಿರಿ.

ಹೊಸದಾಗಿ ಲೈಸೆನ್ಸ್ ಪಡೆದವರನ್ನೂ ಕರೆಯಿರಿ, ಮೀಟರ್ ಅವರ ಕೈಗೇ ಕೊಡಿ. ನೀವೇ ಮಾಡಿದರೆ ಬೇಗ ಮುಗಿಯುತ್ತದೆ, ನಿಜ. ಆದರೆ ನೀವು ಊರಲ್ಲಿಲ್ಲದ ದಿನ ಮಾಡೋರು ಬೇಕಲ್ವಾ?